ಹಳೇ ಮಾರುತಿ ಸಸ್ಪೆನ್ಷನ್‌ಗೆ ಟೈಟು ಎಷ್ಟು? ಕಂಪನಿ ಮ್ಯಾನ್ಯುಯಲ್ ಮತ್ತು ಟಾರ್ಕ್ ವ್ರೆಂಚ್: ಬಳ್ಳಾರಿ ಕಡೆಯವರಿಗೊಂದು ರಿವ್ಯೂ

ರಿವ್ಯೂಗೆ ಇಲ್ಲಿ ಎರಡು ವಸ್ತು. ಒಂದು, ಮಾರುತಿ 800, ಝೆನ್, ಎಸ್ಟೀಮ್ ಕಾಲದ ಕಂಪನಿ ಸರ್ವಿಸ್ ಮ್ಯಾನ್ಯುಯಲ್. ಹೆಚ್ಚಾಗಿ ಕೈಗೆ ಬರುವುದು ಸೆಕೆಂಡ್ ಹ್ಯಾಂಡ್ ಪ್ರತಿ, ಇಲ್ಲವೇ ಯಾರದೋ ಪ್ರತಿಯ ಜೆರಾಕ್ಸ್. ಇನ್ನೊಂದು, 28ರಿಂದ 210 ಎನ್‌ಎಂ (ನ್ಯೂಟನ್-ಮೀಟರ್, ಬಿಗಿಯ ಅಳತೆ) ವರೆಗಿನ ಅರ್ಧ ಇಂಚು ಡ್ರೈವ್‌ನ ಕ್ಲಿಕ್ ಟಾರ್ಕ್ ವ್ರೆಂಚ್, ಅಂದರೆ ಇಟ್ಟಷ್ಟು ಬಿಗಿ ಬಂದಾಗ ಕ್ಲಿಕ್ ಅನ್ನುವ ಪಾನಾ; ಇಂಥದೇ ಬ್ರಾಂಡ್ ಅಂತಲ್ಲ, ಟೂಲ್ಸ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾದರಿ. ಮ್ಯಾನ್ಯುಯಲ್‌ಗೆ ಐದಕ್ಕೆ ನಾಲ್ಕೂವರೆ, ವ್ರೆಂಚಿಗೆ ಮೂರೂವರೆ. ಎರಡರಲ್ಲಿ ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಮೊದಲು ಮ್ಯಾನ್ಯುಯಲ್ ತಗೊಳ್ಳಿ, ವ್ರೆಂಚನ್ನು ಯಾರ ಹತ್ತಿರವಾದರೂ ಒಂದು ದಿನದ ಮಟ್ಟಿಗೆ ತರಬಹುದು. ಟಾರ್ಕ್ ಅಂಕಿಯನ್ನು, ಅಂದರೆ ಬೋಲ್ಟನ್ನು ಎಷ್ಟು ಬಲ ಕೊಟ್ಟು ತಿರುಗಿಸಬೇಕು ಅನ್ನುವುದನ್ನು, ಬರೀ ಅಂಕಿಯಾಗಿ ಕೇಳಿ ಬರೆದುಕೊಂಡು ಬಂದರೆ ಕೆಲಸ ಅರ್ಧ. ಆ ಅಂಕಿಯ ಹಿಂದೆ ಮುಂದೆ ಇರುವ ಸಾಲುಗಳಲ್ಲಿ ಗಾಲಿ ನೆಲದ ಮೇಲಿರಬೇಕೋ ನೇತಾಡಬೇಕೋ, ನಟ್ಟು ಹೊಸದು ಬೇಕೋ ಬೇಡವೋ, ಥ್ರೆಡ್ಡಿಗೆ ಎಣ್ಣೆ ಇರಬಹುದೋ ಅನ್ನುವುದಿದೆಯಲ್ಲ, ಬುಷ್ (ಸಸ್ಪೆನ್ಷನ್ ಕೀಲಿನೊಳಗಿನ ರಬ್ಬರ್) ಉಳಿಯುವುದು ಅದರಿಂದ.

ಬಳ್ಳಾರಿ ಸುತ್ತ ಹಳೇ ಕಾರಿನ ಮುಂದಿನ ಸಸ್ಪೆನ್ಷನ್‌ಗೆ ಎರಡು ಥರದ ಏಟು. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಗುಂಡಿಯ ಹೊಡೆತ, ಜೊತೆಗೆ ಥ್ರೆಡ್ಡಿನೊಳಗೆ ಸೇರುವ ಕೆಂಪು ಧೂಳು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಗದ್ದೆಯಿಂದ ಟ್ರ್ಯಾಕ್ಟರ್ ಹೊತ್ತು ತರುವ ಎರೆಮಣ್ಣಿನ ಕೆಸರು. ಅದು ಲೋವರ್ ಆರ್ಮ್ (ಗಾಲಿಯ ಕಡೆಯನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳು) ಮೇಲೆ ಕೂತು ಒಣಗುವುದಕ್ಕೆ ದಿನಗಟ್ಟಲೆ ಬೇಕು. ಅಷ್ಟರಲ್ಲಿ ಬೋಲ್ಟು ಬುಷ್‌ನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಒಂದು ಕಡೆ ಲೂಸು, ಇನ್ನೊಂದು ಕಡೆ ಜಾಮು. ಎರಡಕ್ಕೂ ಬೀದಿ ಗ್ಯಾರೇಜಿನ ಮದ್ದು ಒಂದೇ: ಪಾನಾದ ಹಿಡಿಗೆ ಪೈಪ್ ಹಾಕಿ ಎಳೆಯುವುದು. "ಇಷ್ಟ್ ವರ್ಷ ಕೈಲೇ ಟೈಟ್ ಮಾಡೀವ್ರಿ, ಏನಾಗೇತಿ?" ಅನ್ನುವ ಮಾತಿಗೆ ಉತ್ತರ ಆರೇ ತಿಂಗಳಲ್ಲಿ ಹರಿಯುವ ಹೊಸ ಬುಷ್‌ನಲ್ಲಿದೆ.

ಕಾರಿನ ಜೊತೆ ಬರುವ ಓನರ್ಸ್ ಬುಕ್‌ನಲ್ಲಿ ಸಸ್ಪೆನ್ಷನ್ ಹುಡುಕಬೇಡಿ. ಅಲ್ಲಿ ಗಾಲಿ ನಟ್ಟಿನ ಅಂಕಿ ಸಿಕ್ಕರೆ ಅದೇ ಹೆಚ್ಚು. ಬೇಕಾದದ್ದು ವರ್ಕ್‌ಶಾಪಿನವರಿಗಾಗಿ ಕಂಪನಿ ಅಚ್ಚು ಹಾಕಿಸಿದ ದಪ್ಪ ಪುಸ್ತಕ. ಆ ಕಾಲದ ಸುಜುಕಿ ಪುಸ್ತಕಗಳಲ್ಲಿ 3ಡಿ ಅಧ್ಯಾಯ ಮುಂದಿನ ಸಸ್ಪೆನ್ಷನ್, 3ಇ ಹಿಂದಿನದು, 3ಎಫ್ ಗಾಲಿ ಮತ್ತು ಟಯರ್, 4ಎ ಡ್ರೈವ್ ಶಾಫ್ಟ್. ಸೆಕೆಂಡ್ ಹ್ಯಾಂಡ್ ಪ್ರತಿ ಕೊಳ್ಳುವಾಗ ಮೊದಲು ತೆರೆದು ನೋಡಬೇಕಾದ್ದು ಈ ನಾಲ್ಕು ಅಧ್ಯಾಯ. ಎಂಜಿನ್ ಪುಟಗಳು ಎಣ್ಣೆಯಾಗಿ ಕಪ್ಪಾಗಿದ್ದರೂ ಈ ಕೆಲಸಕ್ಕೆ ತೊಂದರೆಯಿಲ್ಲ. 3ಡಿಯ ಒಂದು ಹಾಳೆ ಹರಿದು ಹೋಗಿದ್ದರೆ ಮಾತ್ರ ಆ ಪ್ರತಿ ಬಿಟ್ಟುಬಿಡಿ.

ಅಂಕಿ ಎರಡು ಕಡೆ ಇರುತ್ತದೆ. ಭಾಗಗಳನ್ನೆಲ್ಲ ಬಿಡಿಸಿ ತೋರಿಸುವ ಚಿತ್ರದ ಪಕ್ಕ ಒಂದು, ಕೆಲಸದ ಕ್ರಮ ವಿವರಿಸುವ ಸಾಲಿನ ಕೆಳಗೆ ಇನ್ನೊಂದು. ಹೆಚ್ಚಿನವರು ಚಿತ್ರದ ಫೋಟೋ ಮಾತ್ರ ತೆಗೆದುಕೊಂಡು ಬರುತ್ತಾರೆ. ಷರತ್ತುಗಳು ಇರುವುದು ಎರಡನೆಯ ಕಡೆ. ಫೋಟೋ ತೆಗೆಯುವುದಾದರೆ ಎರಡನ್ನೂ ತೆಗೆಯಿರಿ, ಜೊತೆಗೆ ಪುಸ್ತಕದ ಮುಖಪುಟದಲ್ಲಿರುವ ಮಾಡೆಲ್ ಕೋಡನ್ನೂ.

ಆ ಕೋಡ್ ಯಾಕೆ ಅಂದರೆ, ಹೆಸರನ್ನು ನಂಬಿ ಮೋಸ ಹೋಗುವುದು ತೀರಾ ಸುಲಭ. 1993ರ ಝೆನ್ ಬೇರೆ, 2006ರ ಕೊನೆಗೆ ಬಂದ ಝೆನ್ ಎಸ್ಟಿಲೋ ಪೂರಾ ಬೇರೆ ಗಾಡಿ. 1999ರ ಬಲೆನೋ ಸೆಡಾನ್‌ಗೂ 2015ರ ಬಲೆನೋಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. 1998ರ ಸ್ಯಾಂಟ್ರೋ, 2018ರ ಸ್ಯಾಂಟ್ರೋ ಕಥೆಯೂ ಅದೇ. ಮೊಬೈಲಿನಲ್ಲಿ ಹೆಸರು ಒತ್ತಿದರೆ ಮೊದಲು ಬರುವುದು ಹೊಸ ಗಾಡಿಯ ಅಂಕಿ. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳುವುದಿದ್ದರೂ "ಸಸ್ಪೆನ್ಷನ್ ಟಾರ್ಕ್ ಎಷ್ಟು ಸರ್?" ಅಂತ ಕೇಳಿದರೆ ಕೌಂಟರಿನವರು ಗಾಲಿ ನಟ್ಟಿನದು ಹೇಳಿ ಕಳಿಸುತ್ತಾರೆ. ಚಾಸಿಸ್ ನಂಬರ್, ವರ್ಷ, ಬೋಲ್ಟಿನ ಪೂರ್ತಿ ಜಾಗ ಮೂರನ್ನೂ ಚೀಟಿಯಲ್ಲಿ ಬರೆದು ಕೊಡಬೇಕು: "ಲೋವರ್ ಆರ್ಮ್ ಬಾಡಿಗೆ ಸೇರುವ ಒಳಬದಿ ಬೋಲ್ಟು", "ಸ್ಟ್ರಟ್ಟಿನಿಂದ ನಕಲ್‌ಗೆ ಹೋಗುವ ಎರಡು ಬೋಲ್ಟು", ಹೀಗೆ. (ಸ್ಟ್ರಟ್ ಅಂದರೆ ಸ್ಪ್ರಿಂಗ್ ಜೊತೆಗಿನ ಶಾಕ್ ಅಬ್ಸಾರ್ಬರ್, ನಕಲ್ ಅಂದರೆ ಗಾಲಿಯ ಹಬ್ ಕೂರುವ ಭಾಗ.)

ಇನ್ನು ಅಂಕಿ ಓದುವ ಬಗೆ. ಹಲವು ಸುಜುಕಿ ಮಾಡೆಲ್‌ಗಳ ಪುಸ್ತಕದಲ್ಲಿ ಗಾಲಿ ನಟ್ಟಿನ ಎದುರು ಕಾಣುವ ಸಾಲು ಹೀಗಿದೆ: 85 ಎನ್‌ಎಂ, 8.5 ಕೆಜಿ-ಎಂ, 61.5 ಫುಟ್-ಪೌಂಡ್. ಕ್ಯಾಲ್ಕುಲೇಟರ್ ಒತ್ತಿ ನೋಡಿದರೆ ಮೂರೂ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. 1 ಕೆಜಿ-ಎಂ ಅಂದರೆ 9.81 ಎನ್‌ಎಂ, 8.5ಕ್ಕೆ 83.4 ಬರಬೇಕು. ಪುಸ್ತಕದವರು ಹತ್ತರಿಂದ ಗುಣಿಸಿ 85 ಮಾಡಿದ್ದಾರೆ, ಫುಟ್-ಪೌಂಡನ್ನು ಮಾತ್ರ ಕೆಜಿ-ಎಂನಿಂದ ಸರಿಯಾಗಿ ತೆಗೆದಿದ್ದಾರೆ. ಎರಡು ಪ್ರತಿಶತದ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕ್ಲಿಕ್ ವ್ರೆಂಚೇ ನಾಲ್ಕು ಪ್ರತಿಶತ ಆಚೀಚೆ ಆಗಬಹುದಾದ ಸಾಧನ.

ಆದರೆ ಮೂರು ಅಳತೆ ಅಕ್ಕಪಕ್ಕ ಇರುವುದರಿಂದ ಜೆರಾಕ್ಸ್ ಓದುವವರಿಗೆ ದೊಡ್ಡ ಉಪಕಾರ. ಮೂರನೇ ತಲೆಮಾರಿನ ಜೆರಾಕ್ಸ್‌ನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ, ದಶಮಾಂಶದ ಚುಕ್ಕಿ ಮಾಯವಾಗಿರುತ್ತದೆ. ಆಗ ಕೆಜಿ-ಎಂ ಅಂಕಿಯನ್ನು ಹತ್ತರಿಂದ ಗುಣಿಸಿ ಎನ್‌ಎಂ ಜೊತೆ ಹೋಲಿಸಿ, 7.23ರಿಂದ ಗುಣಿಸಿ ಫುಟ್-ಪೌಂಡ್ ಜೊತೆ ಹೋಲಿಸಿ. ಮೂರರಲ್ಲಿ ಎರಡು ಹೊಂದಿದರೆ ಮೂರನೆಯದು ಮಸಿಯ ತಪ್ಪು. ಬೇರೆ ಕಂಪನಿಗಳ ಹಳೇ ಪುಸ್ತಕದಲ್ಲಿ ಕೆಜಿ-ಸೆಂ.ಮೀ. ಮತ್ತು ಇಂಚ್-ಪೌಂಡ್ ಕೂಡ ಬರುತ್ತವೆ. ಮೊದಲನೆಯದನ್ನು ನೂರರಿಂದ ಭಾಗಿಸಿದರೆ ಕೆಜಿ-ಎಂ, ಎರಡನೆಯದನ್ನು ಹನ್ನೆರಡರಿಂದ ಭಾಗಿಸಿದರೆ ಫುಟ್-ಪೌಂಡ್. ಇಂಚ್-ಪೌಂಡನ್ನು ಫುಟ್-ಪೌಂಡ್ ಅಂದುಕೊಂಡು ಎಳೆದರೆ ಬೋಲ್ಟು ಕೈಗೆ ಬರುತ್ತದೆ.

ಹಳೇ ಪುಸ್ತಕಗಳು ಒಂದೇ ಅಂಕಿ ಕೊಡದೆ 50ರಿಂದ 80 ಎನ್ನುವಂತೆ ಅಗಲವಾದ ಮಿತಿ ಕೊಡುವುದೂ ಉಂಟು. ಅದನ್ನು ನೋಡಿ 80ಕ್ಕೇ ಹೋಗುವುದು ಬೇಡ. ಥ್ರೆಡ್ ಶುದ್ಧವಾಗಿ ಒಣಗಿದ್ದು ಬೋಲ್ಟು ಹಳೆಯದಾದರೆ ನಡುವಿನ ಅಂಕಿ ಸಾಕು. ಸ್ಪ್ಲಿಟ್ ಪಿನ್ ಹಾಕುವ, ಮೇಲೆ ಸೀಳುಗಳಿರುವ ಕ್ಯಾಸಲ್ ನಟ್ಟಿಗೆ ಕೆಳಗಿನ ಅಂಕಿಯಿಂದಲೇ ಶುರುಮಾಡಬೇಕು: ಅಲ್ಲಿಗೆ ಬಿಗಿದು, ತೂತಿಗೆ ನಟ್ಟಿನ ಸೀಳು ಎದುರಾಗುವವರೆಗೆ ಮುಂದಕ್ಕೇ ತಿರುಗಿಸಬೇಕು. ತೂತು ಕಾಣಲಿಲ್ಲವೆಂದು ಹಿಂದಕ್ಕೆ ಸಡಿಲಿಸಿದರೆ ಟೇಪರ್ (ತುದಿಗೆ ತೆಳ್ಳಗಾಗುತ್ತ ಹೋಗುವ ಪಿನ್) ಕೂತಿರುವ ಬಿಗಿ ಹೋಗುತ್ತದೆ. ಬಾಲ್ ಜಾಯಿಂಟ್ (ಆರ್ಮ್ ಹೊರತುದಿಯ ಗುಂಡು ಕೀಲು) ಮತ್ತು ಟೈ ರಾಡ್ ಎಂಡ್‌ನ (ಸ್ಟಿಯರಿಂಗ್ ಸಲಾಕೆಯ ತುದಿಯ ಕೀಲು) ಆ ಟೇಪರಿಗೆ ಗ್ರೀಸು ಹಚ್ಚುವ ಅಭ್ಯಾಸವೂ ತಪ್ಪು. ಟೇಪರ್ ಒರಸಿ, ಒಣಗಿಸಿ ಕೂರಿಸಬೇಕು.

ಈಗ ಮುಖ್ಯ ವಿಷಯ. ಲೋವರ್ ಆರ್ಮ್ ಒಳತುದಿಯ ಬುಷ್‌ನಲ್ಲಿ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟು ಟೈಟ್ ಮಾಡಿದಾಗ ಒಳಗಿನ ಕೊಳವೆ ಬಾಡಿಯ ಬ್ರಾಕೆಟ್ಟಿಗೆ ಕಚ್ಚಿ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ. ಕಾರು ಜ್ಯಾಕಿನ ಮೇಲಿದ್ದು ಗಾಲಿ ನೇತಾಡುವಾಗಲೇ ಬೋಲ್ಟು ಫುಲ್ ಟೈಟ್ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡೇ ನಿಂತಿರುತ್ತದೆ. ಮೇಲಿಂದ ಸಂಡೂರು ರಸ್ತೆಯ ಗುಂಡಿ. ರಬ್ಬರ್ ಅಂಚಿನಿಂದ ಸೀಳುತ್ತದೆ, ಮುಂಭಾಗ ತುಸು ಎತ್ತರವಾಗಿ ಕೂರುತ್ತದೆ, ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಟಾರ್ಕ್ ಅಂಕಿ ಕರಾರುವಾಕ್ಕಾಗಿ ಇಟ್ಟಿದ್ದರೂ ಇದು ತಪ್ಪುವುದಿಲ್ಲ. ಅದಕ್ಕೇ ಮ್ಯಾನ್ಯುಯಲ್ ಆ ಬೋಲ್ಟನ್ನು ಮೊದಲು ಕೈಯಲ್ಲಷ್ಟೇ ಹಿಡಿಸಿ, ಕಾರನ್ನು ಇಳಿಸಿ, ಒಳಗೆ ಲೋಡ್ ಇಲ್ಲದೆ ತನ್ನ ಗಾಲಿಯ ಮೇಲೆ ನಿಂತಾಗ ಕೊನೆಯ ಟೈಟ್ ಕೊಡಿ ಅನ್ನುತ್ತದೆ.

ಇದನ್ನು ಮಾಡುವುದಕ್ಕೆ ಹೊಸ ಶೋರೂಮಿನ ಎರಡು ಕಂಬದ ಲಿಫ್ಟಿಗಿಂತ ನಮ್ಮ ಹಳೇ ಗ್ಯಾರೇಜಿನ ಪಿಟ್ಟೇ ಮೇಲು. ಪಿಟ್ ಮೇಲೆ ಕಾರು ಗಾಲಿಯ ಮೇಲೆ ನಿಂತಿರುತ್ತದೆ, ಕೆಲಸದವನು ಕೆಳಗೆ ಆರಾಮಾಗಿ ನಿಂತು ವ್ರೆಂಚ್ ಪೂರ್ತಿ ಬೀಸಿ ಎಳೆಯಬಹುದು. ವಾಟರ್ ಸರ್ವಿಸ್‌ನವರ ರ‍್ಯಾಂಪ್ ಕೂಡ ಆಗುತ್ತದೆ. ಎರಡೂ ಇಲ್ಲದಿದ್ದರೆ ಬಿಚ್ಚುವ ಮೊದಲೇ, ಕಾರು ಸಮ ನೆಲದ ಮೇಲಿರುವಾಗ, ಗಾಲಿಯ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ಜೋಡಿಸಿದ ಮೇಲೆ ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಲೋವರ್ ಆರ್ಮ್‌ನ ಹೊರತುದಿಯ ಕೆಳಗೆ ಇನ್ನೊಂದು ಜ್ಯಾಕ್ ಕೊಟ್ಟು, ಹಬ್ಬಿನ ನಡುವಿನಿಂದ ಅದೇ ಅಳತೆ ಬರುವವರೆಗೆ ಎತ್ತಿ, ಆಗ ಟೈಟ್ ಮಾಡಿ. ಬಾಡಿ ಸ್ಟ್ಯಾಂಡಿನಿಂದ ಎದ್ದುಬಿಟ್ಟರೆ ಜ್ಯಾಕ್ ಹೆಚ್ಚಾಯಿತು, ಇಳಿಸಿ. ಹಿಂದಿನ ಆರ್ಮ್ ಬುಷ್‌ಗಳಿಗೂ, ಜಿಪ್ಸಿಯ ನಾಲ್ಕೂ ಕಡೆಯ ಪಾಟಾದ (ಲೀಫ್ ಸ್ಪ್ರಿಂಗ್) ತುದಿಯ ಬಳೆ, ಅಂದರೆ ಐ, ಮತ್ತು ಅದನ್ನು ಹಿಡಿಯುವ ಶ್ಯಾಕಲ್ ಬೋಲ್ಟಿಗೂ ಇದೇ ನಿಯಮ. ನಟ್ಟು ಬಾಡಿಗೆ ಬೆಸೆದಿಲ್ಲದ ಕಡೆ ಬೋಲ್ಟಿನ ತಲೆ ಹಿಡಿದು ನಟ್ಟನ್ನು ತಿರುಗಿಸಬೇಕು. ತಲೆಯನ್ನು ತಿರುಗಿಸಿದರೆ ಬುಷ್ ಕೊಳವೆಯಲ್ಲಿ ಬೋಲ್ಟು ಉಜ್ಜುವುದಕ್ಕೇ ಟಾರ್ಕ್ ಖರ್ಚಾಗಿ ವ್ರೆಂಚ್ ಬೇಗ ಕ್ಲಿಕ್ ಆಗುತ್ತದೆ.

ಸ್ಟ್ರಟ್‌ನ ಎರಡು ಬೋಲ್ಟಿಗೆ ಈ ರಗಳೆ ಇಲ್ಲ, ಗಾಲಿ ನೇತಾಡುವಾಗಲೂ ಟೈಟ್ ಮಾಡಬಹುದು. ಆದರೆ ಆ ಬೋಲ್ಟಿನ ತೂತಿನಲ್ಲಿ ಇರುವ ಸಣ್ಣ ಸಂದೇ ಕ್ಯಾಂಬರ್ (ಗಾಲಿ ಒಳಗೋ ಹೊರಗೋ ವಾಲುವ ಕೋನ) ಬದಲಿಸುವುದಕ್ಕೆ ಸಾಕು. ಬಿಚ್ಚಿದರೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಡ್ರೈವ್ ಶಾಫ್ಟಿನ ದೊಡ್ಡ ನಟ್ಟು, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವಂಥದು), ಸ್ಪ್ಲಿಟ್ ಪಿನ್ನು ಇವನ್ನು ಪುಸ್ತಕ ಮತ್ತೆ ಬಳಸಬೇಡಿ ಅಂದ ಕಡೆ ಹೊಸದೇ ತರಬೇಕು.

ಎಣ್ಣೆಯ ವಿಷಯ ಒಂದು ಮಾತು. ತಿರುಗಿಸುವ ಬಲದ ಬಹುಪಾಲು ನಟ್ಟಿನ ಕೆಳಗಿನ ಮತ್ತು ಥ್ರೆಡ್ಡಿನ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯುವುದಕ್ಕೆ ಉಳಿಯುವುದು ಹತ್ತರಲ್ಲೊಂದು ಪಾಲು ಮಾತ್ರ. ಜಾಮ್ ಬಿಡಿಸಲು ಹೊಡೆದ ಸ್ಪ್ರೇ ಅಲ್ಲೇ ಇದ್ದರೆ ಉಜ್ಜಾಟ ಕಡಿಮೆಯಾಗಿ, ಅದೇ 85ಕ್ಕೆ ಬೋಲ್ಟು ಕಾಲು ಭಾಗ ಹೆಚ್ಚಾಗಿ ಎಳೆಯಬಹುದು. ಅದಿರು ಧೂಳು ಇದ್ದರೆ ಉಲ್ಟಾ: ವ್ರೆಂಚ್ ಕ್ಲಿಕ್ ಅನ್ನುತ್ತದೆ, ಬೋಲ್ಟು ಸರಿಯಾಗಿ ಹಿಡಿದಿರುವುದಿಲ್ಲ. ವೈರ್ ಬ್ರಷ್ ಹೊಡೆದು, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ. ನಟ್ಟು ಬೆರಳಿನಲ್ಲೇ ಕೊನೆಯವರೆಗೆ ಓಡಿದರೆ ಮಾತ್ರ ಅಂಕಿಗೆ ಅರ್ಥ. ನೈಲಾಕ್ ಆದರೆ ನೈಲಾನ್ ಮುಟ್ಟುವವರೆಗೆ ಓಡಬೇಕು.

ಬಜಾರಿನ ಬೋಲ್ಟಿನ ಬಗ್ಗೆ ಎಚ್ಚರಿಕೆ. ಜಪಾನಿ ಮೂಲದ ಕಾರಿನಲ್ಲಿ ಎಂ10 ಮತ್ತು ಎಂ12 (10 ಮತ್ತು 12 ಮಿ.ಮೀ. ದಪ್ಪದ ಬೋಲ್ಟು) ಎರಡಕ್ಕೂ ಸಾಮಾನ್ಯವಾಗಿ 1.25 ಮಿ.ಮೀ. ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಅಷ್ಟು ಅಂತರ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವುದು 1.5 ಮತ್ತು 1.75ರ ಒರಟು ಥ್ರೆಡ್. ಮೊದಲ ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅದನ್ನು ಟಾರ್ಕ್ ಅಂದುಕೊಂಡು ಎಳೆದರೆ ಬಾಡಿಯಲ್ಲಿ ಬೆಸೆದ ನಟ್ಟಿನ ಥ್ರೆಡ್ಡೇ ಹೋಗುತ್ತದೆ, ಆಮೇಲೆ ಗ್ಯಾಸ್ ಕಟ್ಟರ್ ಕೆಲಸ. ತಲೆಯ ಮೇಲೆ ಬೋಲ್ಟಿನ ಬಲದ ದರ್ಜೆ ಹೇಳುವ ಗುರುತೂ ನೋಡಿ. 8.8, 10.9 ಅಂತಲೋ, ಜಪಾನಿ ಪದ್ಧತಿಯ 7, 9 ಅಂತಲೋ ಇರಬೇಕು. ಗುರುತೇ ಇಲ್ಲದ ಬೋಲ್ಟು ಗೇಟಿನ ಕೀಲಿಗೆ ಸರಿ, ಲೋವರ್ ಆರ್ಮಿಗಲ್ಲ.

ಪುಸ್ತಕ ಎಲ್ಲೂ ಸಿಗದಿದ್ದರೆ ಅಕ್ಕನ ಮನೆಯ ದಾರಿ ಹಿಡಿಯಬೇಕು, ಅಂದರೆ ಅದೇ ಗಾಡಿಯ ಹೊರದೇಶದ ಮೂಲ ಮಾದರಿಯ ಪುಸ್ತಕ ಹುಡುಕಬೇಕು. ಝೆನ್ ಯುರೋಪಿನಲ್ಲಿ ಸುಜುಕಿ ಆಲ್ಟೋ ಹೆಸರಿನಲ್ಲಿ ಓಡಿತು, ಎಸ್ಟೀಮ್‌ನ ಮೂಲ ಸ್ವಿಫ್ಟ್ ಸೆಡಾನ್, ಜಿಪ್ಸಿಯದು ಎಸ್‌ಜೆ410, ಪದ್ಮಿನಿಯದು ಫಿಯೆಟ್ 1100ಡಿ, ಅಂಬಾಸಿಡರ್‌ನದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆ ಹೊರದೇಶದ ಪುಸ್ತಕಗಳಲ್ಲಿ ಅಂಕಿ ಸಿಗುತ್ತದೆ. ಬಳಸುವ ಮುಂಚೆ ಚಿತ್ರ ಮತ್ತು ಬೋಲ್ಟಿನ ದಪ್ಪ ನಿಮ್ಮ ಕಾರಿಗೆ ಹೊಂದುತ್ತದೆಯೇ ನೋಡಿ, ಇಲ್ಲಿ ತಯಾರಾಗುತ್ತ ಹೋದಂತೆ ಬದಲಾದ ಭಾಗಗಳಿವೆ. ಅಂಬಾಸಿಡರ್ ಪುಸ್ತಕ ಫುಟ್-ಪೌಂಡ್‌ನದು, ಮೂಲ ಬೋಲ್ಟುಗಳು ಇಂಚಿನವು, 1.356ರಿಂದ ಗುಣಿಸಿದರೆ ಎನ್‌ಎಂ.

ಬೋಲ್ಟಿನ ಅಳತೆಯಿಂದ ಅಂಕಿ ಹೇಳುವ ಸಾಮಾನ್ಯ ಚಾರ್ಟು ಕೊನೆಯ ಆಸರೆ, ಅದೂ ತಾಳೆ ನೋಡುವುದಕ್ಕೆ ಮಾತ್ರ. 8.8 ದರ್ಜೆಯ ಒಣ ಬೋಲ್ಟಿಗೆ ಎಂ8ಕ್ಕೆ ಸುಮಾರು 25, ಎಂ10ಕ್ಕೆ 45ರಿಂದ 50, ಎಂ12ಕ್ಕೆ 80ರಿಂದ 85, ಎಂ14ಕ್ಕೆ 130ರ ಆಸುಪಾಸು ಎನ್‌ಎಂ. ಜೆರಾಕ್ಸ್‌ನಲ್ಲಿ ಎಂ10 ಬೋಲ್ಟಿಗೆ 150 ಅಂತ ಕಂಡರೆ ಓದಿದ್ದೇ ತಪ್ಪು ಅಂತ ಗೊತ್ತಾಗುತ್ತದೆ. ಚಾರ್ಟಿಗೆ ಬುಷ್ಷೂ ಗೊತ್ತಿಲ್ಲ, ಟೇಪರೂ ಗೊತ್ತಿಲ್ಲ. ಬಾಲ್ ಜಾಯಿಂಟಿಗೆ ಅದನ್ನು ನೆಚ್ಚಬೇಡಿ.

ಇನ್ನು ವ್ರೆಂಚ್. 28–210ರ ಮಾದರಿಯಲ್ಲಿ ದಂಡದ ಗೆರೆ 14ರ ಲೆಕ್ಕದಲ್ಲಿ ಏರುತ್ತದೆ: 70, 84, 98. 85 ಬೇಕಾದರೆ 84ರ ಗೆರೆಗೆ ಹಿಡಿಯ ಮೇಲಿನ ಸೊನ್ನೆ ತಂದು, ಹಿಡಿಯನ್ನು ಇನ್ನೊಂದು ಗುರುತು ತಿರುಗಿಸಿ ಲಾಕ್ ಮಾಡಬೇಕು. ಅಗ್ಗದ ವ್ರೆಂಚಿನಲ್ಲಿ ಗೆರೆಗೆ ಬಣ್ಣ ತುಂಬಿರುವುದಿಲ್ಲ, ಗ್ರೀಸ್ ಕೈಯಲ್ಲಿ ಓದುವುದು ಕಷ್ಟ. ಬಿಳಿ ಪೇಂಟ್ ಸವರಿ ಒರಸಿದರೆ ಗೆರೆಯೊಳಗೆ ನಿಲ್ಲುತ್ತದೆ. 40ಕ್ಕಿಂತ ಕೆಳಗಿನ ಕೆಲಸಕ್ಕೆ ಇದು ನಂಬಿಕೆಗೆ ಅರ್ಹವಲ್ಲ, ಕ್ಲಿಕ್ ಎಷ್ಟು ಮೆಲ್ಲಗೆ ಆಗುತ್ತದೆಂದರೆ ಗ್ಯಾರೇಜಿನ ಸದ್ದಿನಲ್ಲಿ ಕೇಳುವುದೇ ಇಲ್ಲ. ಅಂಕ ಕಡಿಮೆಯಾಗಿದ್ದು ಮುಖ್ಯವಾಗಿ ಇದಕ್ಕೆ.

ಡಬ್ಬಿಯಲ್ಲಿ ಬರುವ ಸರ್ಟಿಫಿಕೇಟಿಗಿಂತ ಒಂದು ಪರೀಕ್ಷೆ ಮೇಲು. ವ್ರೆಂಚಿನ ಚೌಕ ತುದಿಯನ್ನು ಬೆಂಚ್ ವೈಸ್‌ನಲ್ಲಿ ಹಿಡಿಸಿ, ದಂಡ ಅಡ್ಡಡ್ಡ ಬರುವಂತೆ ಮಾಡಿ. ಚೌಕದ ನಡುವಿನಿಂದ ಹಿಡಿಯ ಮಧ್ಯಕ್ಕೆ ಟೇಪ್ ಹಿಡಿಯಿರಿ, 40 ಸೆಂ.ಮೀ. ಬಂತು ಅನ್ನಿ. ಅಲ್ಲಿ ನೀರಿನ ಕ್ಯಾನ್ ನೇತುಹಾಕಿ, ಕಿರಾಣಿ ಕಾಟಾದಲ್ಲಿ ಕ್ಯಾನ್ ಸಮೇತ ಸರಿಯಾಗಿ 20 ಕೆಜಿ ಇರಲಿ. 20 × 9.81 × 0.4 ಅಂದರೆ 78.5, ವ್ರೆಂಚಿನ ಸ್ವಂತ ಭಾರ ಸೇರಿ 81ರ ಸುಮಾರು. 74ಕ್ಕೆ ಇಟ್ಟಾಗ ಕ್ಲಿಕ್ ಆಗಬೇಕು, 88ಕ್ಕೆ ಇಟ್ಟಾಗ ಆಗಬಾರದು. ಇದರಲ್ಲಿ ಫೇಲ್ ಆದದ್ದನ್ನು ಅಂಗಡಿಗೆ ವಾಪಸ್ ಕೊಡಿ.

ಎಳೆಯುವಾಗ ಕೈ ಹಿಡಿಯ ನಡುವೆ ಇರಲಿ, ಒಂದೇ ನಿಧಾನದ ಎಳೆತ, ಕ್ಲಿಕ್ ಆಯಿತೋ ನಿಲ್ಲಿಸಿ. "ಇನ್ನೊಂದು ಕ್ಲಿಕ್ ಕೊಡ್ರಿ, ಗ್ಯಾರಂಟಿ ಇರ್ಲಿ" ಅನ್ನುವುದು ಬೇಡ. ಮೊದಲೇ ಟೈಟಿದ್ದ ನಟ್ಟು ಅಲುಗದೆ ಕ್ಲಿಕ್ ಅಂದರೆ ಅದು ಎಷ್ಟು ಟೈಟಿದೆ ಅನ್ನುವುದು ಗೊತ್ತಾಗಲಿಲ್ಲ. ಅರ್ಧ ಸುತ್ತು ಸಡಿಲಿಸಿ ಮತ್ತೆ ಎಳೆಯಿರಿ. ಸಾಕೆಟ್ಟಿನ ನೇರ ಎಕ್ಸ್‌ಟೆನ್ಷನ್ ರಾಡ್‌ನಿಂದ ಲೆಕ್ಕ ಬದಲಾಗುವುದಿಲ್ಲ. ವ್ರೆಂಚಿನ ಉದ್ದಕ್ಕೇ ಮುಂದೆ ಚಾಚುವ ಅಡಾಪ್ಟರ್ ಹಾಕಿದರೆ ಬದಲಾಗುತ್ತದೆ: 40 ಸೆಂ.ಮೀ. ವ್ರೆಂಚಿಗೆ 5 ಸೆಂ.ಮೀ. ಸೇರಿದರೆ 85ಕ್ಕೆ ಬದಲು 75.5ಕ್ಕೆ ಇಡಬೇಕು. ಜಾಮ್ ಆದ ಬೋಲ್ಟು ಬಿಚ್ಚುವುದಕ್ಕೆ ಈ ವ್ರೆಂಚ್ ಯಾರ ಕೈಗೂ ಕೊಡಬೇಡಿ. ಕೆಲಸ ಮುಗಿದ ಮೇಲೆ ಸ್ಕೇಲಿನ ಅತಿ ಕಡಿಮೆ ಅಂಕಿಯ ಗೆರೆಗೆ ಇಳಿಸಿ ಇಡಿ, ಅದಕ್ಕೂ ಕೆಳಗೆ ಬಿಚ್ಚಬೇಡಿ.

ಟೈಟ್ ಆದ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದರೆ, ಮುಂದೆ ಟಾರ್ಚ್ ಬಿಟ್ಟು ನೋಡಿದರೇ ತಿರುಗಿದ್ದು ಕಾಣುತ್ತದೆ. ಗಾಲಿ ನಟ್ಟು ಮಾತ್ರ ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ವ್ರೆಂಚ್ ಹಾಕಿ ನೋಡಬೇಕು. ಮುಂದೆ ಪಂಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದ ಹುಡುಗನಿಗೆ "ತಮ್ಮಾ, ಗನ್‌ನಿಂದ ಬರೇ ಕೂಡಿಸು, ಟೈಟ್ ನಾನ್ ಮಾಡ್ಕೋತೀನಿ" ಅಂತ ಮೊದಲೇ ಹೇಳಿ, ವ್ರೆಂಚ್ ಡಿಕ್ಕಿಯಲ್ಲಿ ಇಟ್ಟುಕೊಂಡಿರಿ.